ಓದಿಗೊಂದು ಮುಯ್ಯಾಳು

ಕೂತಲ್ಲಿ ಕೂರದವಳು ಎಂದು ಮನೆಯಲ್ಲಿ ನನಗೆ ಬಿರುದು. ಅಂಥ ನನ್ನನ್ನು ಹೊಗೆಸೊಪ್ಪು ಕಟ್ಟುವ ಚಪ್ಪರದ ಕೆಳಗೆ ಒಂದಿಡೀ ಸೀಜನ್ನು ಕೂರಿಸಿದ್ದು ಮೂರು ತೆಳು ಪುಸ್ತಕಗಳು. ಕೂತಿದ್ದೆನೇ ಹೊರತು ನೆಮ್ಮದಿಯಾಗಿ ಕೂತಿರಲಿಲ್ಲ.

ನಮ್ಮೂರು ಬೆಟ್ಟದಪುರದ ಹತ್ತಿರ. ತೊಂಬತ್ತರ ದಶಕದ ನಡುವಿನ ಮಾತು. ಪಿರಿಯಾಪಟ್ಟಣದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಬಸ್ಸು ತಡವಾದಾಗೆಲ್ಲ ಲೈಬ್ರರಿಯಲ್ಲಿ ಕಾಲ ಕಳೆಯುತ್ತಿದ್ದೆ. ಅಲ್ಲಿ ಸಿಕ್ಕಿದ್ದು ನಮ್ಮ ವಯಸ್ಸಿನವರಿಗೆಂದೇ ಬರೆದ ಒಂದು ಮಾಯಾಲೋಕದ ಕಾದಂಬರಿ, ನಾಲ್ಕು ದಪ್ಪ ಸಂಪುಟ. ಅದರಲ್ಲಿ ಮಾತಾಡುವ ಹೊಳೆ, ರಾಜ್ಯ ಕಳೆದುಕೊಂಡ ರಾಜಕುಮಾರ, ಅವನನ್ನು ಹೊಳೆ ದಾಟಿಸುವ ಹರಿಗೋಲಿನ ಹುಡುಗಿ. ಆ ಹುಡುಗಿಯನ್ನು ನಾನು ಮೆಚ್ಚಿಕೊಳ್ಳುವಷ್ಟರಲ್ಲಿ, ಮೊದಲ ಸಂಪುಟದ ನಲವತ್ತೊಂದನೇ ಪುಟದಲ್ಲಿ, ರಾಜಕುಮಾರನನ್ನು ದಡಕ್ಕೆ ನೂಕಿ ತಾನು ಸುಳಿಗೆ ಸಿಕ್ಕಿ ಸತ್ತಳು. ಸಿಟ್ಟು ನೆತ್ತಿಗೇರಿತು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ.

ಸಿಟ್ಟು ನನಗೊಬ್ಬಳಿಗೇ ಬಂದಿರಲಿಲ್ಲ ಅಂತ ಕಾಣುತ್ತದೆ. ಮಾರನೇ ವರ್ಷ ಅದೇ ಲೇಖಕರ ಮೂರು ತೆಳು ಪುಸ್ತಕ ಬಂದವು. ಓದುಗರ ಕಾಟ ತಾಳಲಾರದೆ ಆ ಹುಡುಗಿಯ ಹಿಂದಿನ ಕಥೆ ಬರೆದೆ ಎಂದು ಮುನ್ನುಡಿಯಲ್ಲಿತ್ತು. ಅವಳು ಹರಿಗೋಲು ಕಟ್ಟಲು ಕಲಿತದ್ದು, ಹೊಳೆಯ ಜೊತೆ ಜಗಳವಾಡಿ ರಾಜಿಯಾದದ್ದು, ಎಲ್ಲ ರಾಜಕುಮಾರ ಬರುವುದಕ್ಕೆ ಮುಂಚಿನದು.

ಆಗ ನಮ್ಮಲ್ಲಿ ಸೊಪ್ಪು ಮುರಿಯುವ ಕಾಲ. ಹೊಲದಿಂದ ಹೊರೆ ಹೊರೆ ಸೊಪ್ಪು ಬರುತ್ತದೆ. ಅದನ್ನು ಎರಡು ಮೂರು ಎಲೆ ಜೋಡಿಸಿ, ಉದ್ದನೆಯ ಕಡ್ಡಿಯ ಎರಡೂ ಬದಿಗೆ ದಾರದಲ್ಲಿ ಕಟ್ಟಿ, ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಏರಿಸಬೇಕು. ಕಟ್ಟಿದವರ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಲೈಬ್ರರಿಯವರು ಮೊದಲೇ ಹೇಳಿದ್ದರು: "ಸೊಪ್ಪಿನ ಕೈಲಿ ಮುಟ್ಟಿದ್ರೆ ಇನ್ನೊಂದು ಪುಸ್ತಕ ಕೊಡಕಿಲ್ಲ ಕಣಮ್ಮ." ಅಂದರೆ ಓದುವವಳು ಕಟ್ಟುವ ಹಾಗಿಲ್ಲ, ಕಟ್ಟುವವಳು ಓದುವ ಹಾಗಿಲ್ಲ.

ದಾರಿ ಹುಡುಕಿದವಳು ದೊಡ್ಡಪ್ಪನ ಮಗಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಾನು ಬರಿ ಅಕ್ಕ ಎನ್ನುತ್ತಿದ್ದೆ. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ ಎಂದು ಆಳು ಬದಲಾಯಿಸಿಕೊಳ್ಳುವ ಮುಯ್ಯಾಳು ನಮ್ಮಲ್ಲಿ ಎಲ್ಲ ಕೆಲಸಕ್ಕೂ ಉಂಟು. ಅಕ್ಕ ಅದನ್ನು ಓದಿಗೂ ಹಚ್ಚಿದಳು. "ನಿನ್ನ ಪಾಲಿನ ಕಡ್ಡಿನೂ ನಾನೇ ಕಟ್ತೀನಿ. ನೀನು ಗಟ್ಟಿಯಾಗಿ ಓದು. ಮುಯ್ಯಿಗೆ ಮುಯ್ಯಿ."

ಮೊದಲು ನಡೆದದ್ದನ್ನು ಮೊದಲು ಓದೋಣ ಎಂದು ನಾನು ತೆಳು ಪುಸ್ತಕಗಳಿಂದಲೇ ಶುರುಮಾಡಿದೆ. ಅಲ್ಲೇ ಎಡವಿದೆ. ಮೊದಲ ದಿನವೇ ಅಕ್ಕ ಆ ಹುಡುಗಿಗೆ ಸೋತುಬಿಟ್ಟಳು. "ಆ ದಪ್ಪ ಪುಸ್ತಕದಲ್ಲೂ ಇವಳೇ ಇರೋದಾ? ನೀನು ಎಲ್ಲಾನೂ ಓದಿದೀಯಾ?" ಎಂದಳು. "ನಾಲ್ಕೂ ಓದಿದೀನಿ" ಎಂದು ಜಂಭ ಕೊಚ್ಚಿದೆ.

ಅಲ್ಲಿಂದ ನನಗೆ ಚಡಪಡಿಕೆ ಹಿಡಿಯಿತು. ಹುಡುಗಿ ನಕ್ಕರೆ ನಲವತ್ತೊಂದನೇ ಪುಟ ನೆನಪಾಗುತ್ತಿತ್ತು. ಮುದುಕಿಯಾದಾಗ ಹೊಳೆದಂಡೆಯಲ್ಲಿ ಮನೆ ಕಟ್ಟುತ್ತೇನೆ ಎಂದು ಅವಳು ಹೇಳುವ ಕಡೆ ಎರಡು ಸಾಲು ನುಂಗಿದೆ. ನೀರು ಕುಡಿಯುವ ನೆಪದಲ್ಲಿ ಎದ್ದೆ, ಬಂದೆ, ಕಾಲು ಬದಲಾಯಿಸಿದೆ, ಮತ್ತೆ ಎದ್ದೆ. "ಇರುವೆ ಕಚ್ತಾ ಐತಾ?" ಎಂದಳು ಅಕ್ಕ. ಸುಮ್ಮಸುಮ್ಮನೆ ಅವಳ ಮೇಲೇ ರೇಗಿದೆ.

ಸೊಪ್ಪು ಮುಗಿಯುವ ಹೊತ್ತಿಗೆ ಅಂತರಸಂತೆಯ ಕಡೆಗೆ ಅಕ್ಕನ ಮದುವೆ ಗೊತ್ತಾಯಿತು. ತೆಳು ಪುಸ್ತಕ ಮೂರೂ ಮುಗಿದಿದ್ದವು. ಅವಳದು ಒಂದೇ ವರಾತ: "ಹೋಗೋದ್ರೊಳಗೆ ದಪ್ಪಂದು ತಂದು ಓದ್ಬುಡೇ." ಯಾರೋ ತೆಗೆದುಕೊಂಡು ಹೋಗಿದ್ದಾರೆ ಎಂದೆ. ಇನ್ನೂ ವಾಪಸ್ ಬಂದಿಲ್ಲ ಎಂದೆ. ಪುಸ್ತಕ ಕಪಾಟಿನಲ್ಲೇ ಇತ್ತು, ದಿನಾ ನೋಡುತ್ತಿದ್ದೆ. ಅಕ್ಕ ಕೇಳುವುದನ್ನು ಬಿಟ್ಟಳು. ಮದುವೆಯಾಗಿ ಹೋದಳು.

ಹದಿಮೂರು ವರ್ಷವಾದ ಮೇಲೆ, ಸೊಪ್ಪಿನ ಕಾಲದಲ್ಲೇ ಒಮ್ಮೆ ಅವಳ ಮನೆಗೆ ಹೋದೆ. ಅಷ್ಟೊತ್ತಿಗೆ ನಾನು ಕೆ.ಆರ್. ನಗರದಲ್ಲಿ ಮೇಷ್ಟ್ರ ಕೆಲಸದಲ್ಲಿದ್ದೆ. ಚಪ್ಪರದ ಕೆಳಗೆ ಅಕ್ಕ ಕಡ್ಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಏಳನೇ ಕ್ಲಾಸಿನ ಮಗಳು. ಅವಳ ತೊಡೆಯ ಮೇಲೆ ಅದೇ ದಪ್ಪ ಪುಸ್ತಕ, ಮೊದಲ ಸಂಪುಟ, ಶಾಲೆಯ ಕಪಾಟಿನದು.

"ಮೊನ್ನೆಯೇ ತಂದ್ಲು. ನೀನು ಬರ್ಲಿ ಅಂತ ತೆಗೆದಿಲ್ಲ" ಎಂದಳು ಅಕ್ಕ.

ನನಗೆ ಕೂರಲಾಗಲಿಲ್ಲ. ನಿಂತುಕೊಂಡೇ ಹೇಳಿಬಿಟ್ಟೆ: "ಬೇಡ ಅಕ್ಕ, ಅವಳು ಸತ್ತೋಗ್ತಾಳೆ. ಅದಕ್ಕೇ ಆಗ ತರಲಿಲ್ಲ. ಪುಸ್ತಕ ಲೈಬ್ರರಿಯಲ್ಲೇ ಇತ್ತು."

ಅಕ್ಕ ದಾರ ಬಿಗಿದು ಗಂಟು ಹಾಕಿದಳು. "ಸಾಯ್ತಾಳೆ ಅನ್ನೋದು ಆಗ್ಲೇ ಗೊತ್ತಿತ್ತು ಕಣೇ. ಅವಳು ಬದುಕಿದ್ದಿದ್ರೆ ನೀನ್ಯಾಕೆ ಅಷ್ಟು ಒದ್ದಾಡ್ತಿದ್ದೆ?"

"ಮತ್ತೆ ಯಾಕೆ ಕೇಳ್ತಿದ್ದೆ?"

"ಎಂಗೆ ಸತ್ಲು ಅಂತ ಬ್ಯಾಡ್ವಾ?" ಅಕ್ಕನ ದನಿ ಏರಿತು. "ಒಂದು ಸೀಜನ್ ಪೂರ್ತಿ ನಿನ್ನ ಕಡ್ಡಿ ಕಟ್ಟಿದೀನಿ. ನೀನು ಅರ್ಧ ಓದಿ ಎದ್ದೋದೆ. ಅತ್ತುಬುಡ್ತಾಳೆ ಅಂದ್ಕಂಡಾ? ಅಳ್ತಿದ್ದೆ, ಅಳೋದು ನನಗೆ ಬಿಟ್ಟಿದ್ದು. ಕೂತ್ಕೋ. ಈವತ್ತು ನೀನು ಕಟ್ಟು, ಇವಳು ಓದ್ತಾಳೆ. ನನ್ನ ಮುಯ್ಯಿ ತೀರ್ಸು."

ಅವಳು ಹೇಳಿದ್ದು ನ್ಯಾಯವಾಗಿತ್ತು. ಕೂತೆ. ಕೈಗೆ ಕೆಲಸ ಮರೆತುಹೋಗಿತ್ತು, ಎಲೆ ಜಾರುತ್ತಿತ್ತು, ಅಂಟು ಉಗುರಿನೊಳಗೆ ಹೋಯಿತು. ಮಗಳು ಕೈ ತೊಳೆದು ಬಂದು ನಿಧಾನವಾಗಿ ಓದಿದಳು, ಒಂದು ಸಾಲನ್ನೂ ನುಂಗಲಿಲ್ಲ. ನಲವತ್ತೊಂದನೇ ಪುಟ ಬಂತು. ನನ್ನ ಕೈ ನಿಂತಿತು. ಅಕ್ಕನದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದಾಗ ಮೊಣಕೈಯಿಂದ ಒರೆಸಿಕೊಂಡು, "ಅವನನ್ನ ದಡಕ್ಕೆ ನೂಕಿದ್ಲಾ? ಅಂಗೇ ಮಾಡೋಳು ಅವಳು" ಎಂದಳು.

ಮಗಳು ಓದು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ಆಮೇಲೆ ಏನಾಗುತ್ತೆ?"

ಅವತ್ತು ಲೈಬ್ರರಿಯ ಮೇಜಿನ ಮೇಲೆ ಕುಕ್ಕಿದ ಪುಸ್ತಕವನ್ನು ನಾನು ಮತ್ತೆ ಮುಟ್ಟಿಯೇ ಇರಲಿಲ್ಲ.

"ನಂಗೊತ್ತಿಲ್ಲ" ಎಂದೆ.

"ನಾಲ್ಕೂ ಓದಿದೀನಿ ಅಂದಿದ್ದೆ?" ಎಂದಳು ಅಕ್ಕ.

ಅಕ್ಕ ಇನ್ನೊಂದು ಹೊರೆ ಸೊಪ್ಪನ್ನು ನನ್ನ ಮುಂದಕ್ಕೆ ತಳ್ಳಿ, ಮಗಳಿಗೆ ಹೇಳಿದಳು: "ಓದವ್ವ. ನಿನ್ನ ಚಿಕ್ಕಮ್ಮನೂ ಕೇಳಿಲ್ವಂತೆ."