ಉಡಿ ತುಂಬಿ ಕಳಿಸಿದ ಸಭೆ

ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆಂದು ಎರಡು ಕುರ್ಚಿಗಳಿವೆ. ಕಾನೂನು ಕೊಟ್ಟದ್ದು, ನಮ್ಮ ಗಂಡಸರು ಮನಸಾರೆ ಕೊಟ್ಟದ್ದಲ್ಲ. ಅದರಲ್ಲಿ ಒಂದು ನನ್ನದು. ನನ್ನದು ಅಂದರೆ, ಮೊದಮೊದಲು ಹೆಸರು ಮಾತ್ರ ನನ್ನದಿತ್ತು, ಕುರ್ಚಿಯ ಮೇಲೆ ನಮ್ಮ ಯಜಮಾನರು ಕೂರುತ್ತಿದ್ದರು. ಇನ್ನೊಬ್ಬ ನಿರ್ದೇಶಕಿಯ ಕುರ್ಚಿಯಲ್ಲಿ ಅವಳ ಮಗ. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹಾಗಂತ ನಮ್ಮನ್ನು ಬಾಗಿಲಲ್ಲೇ ತಡೆಯುತ್ತಿದ್ದರು ಎಂದುಕೊಳ್ಳಬೇಡಿ. ಛೇ, ಅಷ್ಟು ಅಡ್ನಾಡಿಗಳಲ್ಲ ಅವರು. ಸಭೆಗೆ ಮೊದಲು ನಮ್ಮಿಬ್ಬರಿಗೂ ಉಡಿ ತುಂಬುತ್ತಿದ್ದರು. ಆಫೀಸಿನಲ್ಲಿ ಟೈಪಿಂಗ್ ಮಾಡುವ ಹೆಣ್ಣುಮಗಳು ತಾಟು ಹಿಡಿದು ಬರುತ್ತಿದ್ದಳು. ಹಣೆಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಬಸದ ಖಣ ಹಾಕುತ್ತಿದ್ದಳು. ಗಂಡಸರೆಲ್ಲ ಎದ್ದು ನಿಂತು ಕೈಮುಗಿಯುತ್ತಿದ್ದರು. ಈಗ ನಮ್ಮ ಕಡೆಯ ಪದ್ಧತಿ ನೋಡಿ: ತವರಿನಿಂದ ಮಗಳನ್ನು ಕಳಿಸುವಾಗ ತುಂಬುವುದು ಉಡಿ. ತುಂಬಿಸಿಕೊಂಡವಳು ಮತ್ತೆ ಕೂರಬಾರದು, ದಾರಿಯಲ್ಲಿ ಅದನ್ನು ಇಳಿಸಬಾರದು. ನೆಟ್ಟಗೆ ಮನೆಗೆ ಹೋಗಿ ದೇವರ ಜಗಲಿಯ ಮುಂದೆ ಬಿಚ್ಚಬೇಕು. ಹೊರಗೆ ಕಾರ್ಖಾನೆಯ ಜೀಪು ಸಿದ್ಧವಾಗಿ ನಿಂತಿರುತ್ತಿತ್ತು. ಇಬ್ಬರೂ ಉಡಿ ಹಿಡಿದುಕೊಂಡು ಹತ್ತುತ್ತಿದ್ದೆವು, ಒಳಗೆ ಸಭೆ ಶುರುವಾಗುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ನಮ್ಮ ಯಜಮಾನರು ದ್ರಾಕ್ಷಿ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮಿರಜಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನಗೆ ಇಬ್ಬರೂ ಹೆಣ್ಣುಮಕ್ಕಳು, ಇಬ್ಬರದೂ ಮದುವೆಯಾಗಿದೆ. ಮೈದುನ ಎದುರು ಪ್ಯಾನೆಲ್ಲಿನವನು. ಹಾಗಾಗಿ ನನ್ನ ಕುರ್ಚಿಯಲ್ಲಿ ಕೂರಲು ಮನೆಯಲ್ಲಿ ಬೇರೆ ಯಾರೂ ಉಳಿಯಲಿಲ್ಲ. ವರ್ಷ ತುಂಬುವ ಮೊದಲೇ ನಾನೇ ಹೋದೆ. ಮಂದಿ ಏನಂದರೋ ಅಂದುಕೊಳ್ಳಲಿ.

ಆ ಮೊದಲ ಸಭೆ ನೆನೆದರೆ ಈಗಲೂ ನಗು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ತಾಟು ಬಂತು. ಇನ್ನೊಬ್ಬಾಕೆಗೆ ಉಡಿ ತುಂಬಿದರು, ಅವಳು ಹೊರಟಳು. ಟೈಪಿಂಗ್ ಹುಡುಗಿ ನನ್ನ ಮುಂದೆ ಬಂದು ನಿಂತಳು, ನನ್ನ ಬರಿ ಹಣೆ ನೋಡಿದಳು, ತಲೆ ಬಗ್ಗಿಸಿ ಹೊರಗೆ ಹೋಗಿಬಿಟ್ಟಳು. ವಿಧವೆಗೆ ಉಡಿ ತುಂಬುವವರು ಯಾರು? ಆಮೇಲೆ ನೋಡುತ್ತೇನೆ, ಸುತ್ತ ಕುಳಿತ ಗಂಡಸರ ಮುಖ ನನಗಿಂತ ಸಣ್ಣಗಾಗಿದೆ. ಉಡಿ ತುಂಬದೆ ಕಳಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ನಮ್ಮ ಯಜಮಾನರ ಗೆಳೆಯರು, ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಕೆಮ್ಮಿದರು. "ವೈನಿ, ಜೀಪ್ ಐತ್ರಿ ಹೊರಗ. ದಣದೀರಿ, ಮನೀಗಿ ಹೋಗ್ರಲ್ಲ?"

"ದಣದಿಲ್ರಿ. ಕುಂದ್ರತೇನಿ. ನಡೀಲಿ ನಿಮ್ಮ ಸಭಾ."

ಕುಳಿತೆ. ಅವತ್ತಿನಿಂದ ಒಂದು ಸಭೆಯನ್ನೂ ಬಿಡಲಿಲ್ಲ. ಮೊದಲು ಅರ್ಥವಾಗದ್ದನ್ನೆಲ್ಲ ಕೇಳಿದೆ, ಅವರಿಗೆ ತಲೆಚಿಟ್ಟು ಹಿಡಿಯುವಷ್ಟು ಕೇಳಿದೆ. ಕಬ್ಬಿನ ಗಾಡಿಗಳು ರಾತ್ರಿಯಿಡೀ ನಿಲ್ಲುವ ಅಂಗಳದಲ್ಲಿ ಗಾಡಿಯ ಜೊತೆ ಬಂದ ಹೆಂಗಸರಿಗೆ ಒಂದು ಪಾಯಖಾನೆ ಇರಲಿಲ್ಲ. ಕಾರ್ಖಾನೆ ಹುಟ್ಟಿದಾಗಿನಿಂದ ಇರಲಿಲ್ಲ, ಯಾರ ತಲೆಗೂ ಹೊಳೆದಿರಲಿಲ್ಲ. ಮೂರು ಸಭೆ ಜಗಳ ತೆಗೆದು ಕಟ್ಟಿಸಿದೆ. ಗಂಡ ಸತ್ತಿದ್ದರಿಂದ ನನಗೆ ಈ ಕುರ್ಚಿ ದಕ್ಕಿತಲ್ಲ ಎಂದು ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು. ಅಂಥ ವಿಚಾರ ಬಂದ ದಿನ ಊಟ ಸೇರುತ್ತಿರಲಿಲ್ಲ.

ಆಗ ಲ್ಯಾಬಿನ ಮೇಡಂ ವಿಷಯ ಬಂತು. ಆಕೆ ರಾಯಬಾಗದ ಕಡೆಯ ಕೂಲಿಕಾರರ ಮಗಳು. ಪುಣೆಯಲ್ಲಿ ಸಕ್ಕರೆ ತಯಾರಿಕೆಯ ಓದು ಮುಗಿಸಿ ಬಂದು, ನಮ್ಮ ಲ್ಯಾಬಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವಳು. ಹಳೆಯ ಚೀಫ್ ಕೆಮಿಸ್ಟ್ ನಿವೃತ್ತರಾದ ಮೇಲೆ ಎರಡು ಹಂಗಾಮು ಆ ಕೆಲಸವನ್ನೆಲ್ಲ ಇವಳೇ ನೋಡಿಕೊಂಡಿದ್ದಳು. ಕೆಲಸ ಅವಳದು, ಹುದ್ದೆ ಮಾತ್ರ ಖಾಲಿ. ಈ ಸಲ ತುಂಬಲೇಬೇಕಿತ್ತು. ಅಧ್ಯಕ್ಷರ ಮನಸ್ಸಿನಲ್ಲಿ ಅವರ ಷಡ್ಡಕನ ಮಗನಿದ್ದ, ಸಾಂಗ್ಲಿಯ ಕಡೆ ಎಲ್ಲೋ ಕೆಲಸ ಮಾಡುತ್ತಿದ್ದವನು. ಅವನು ಬಂದರೆ ಇವಳು ಅವನ ಕೈಕೆಳಗೆ, ಮತ್ತೆ ಹಳೇ ಸ್ಟೂಲಿನ ಮೇಲೆ. ಅವಳ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಇದು ಹೋದರೆ ಹೋಯಿತು.

ಒಂದು ಮಧ್ಯಾಹ್ನ ಮೇಡಂ ನಮ್ಮ ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕುಳಿತು ಚಹಾ ಕುಡಿದಳು. "ಬಾಯಾರ, ನಾ ಯಾರ ಮುಂದೂ ಕೈ ಒಡ್ಡಿದಾಕಿ ಅಲ್ಲ. ನೀವ್ ಒಬ್ರು ಒಳಗ ಕುಂದ್ರತೀರಿ ಅಂತ ಬಂದೆ. ನಮ್ಮಂಥಾಕಿ ಆ ಚೀಫ್ ಕೆಮಿಸ್ಟರ ರೂಮಿನ್ಯಾಗ ಸಾಹೇಬ ಆಗಿ ಕುಂತದ್ದು ಯಾರೂ ನೋಡಿಲ್ಲ. ಒಮ್ಮೆ ನೋಡ್ಲಿ ಅಂತ ಆಶಾ."

"ನೋಡ್ತಾರ ತಗೋ," ಅಂದೆ. "ನಾ ಅದೇನಿ."

ಅಂದಮೇಲೆ ಸುಮ್ಮನಿರುವ ಜಾತಿಯಲ್ಲ ನಾನು. ಅಥಣಿಗೆ ಹೋದೆ, ಕಾಗವಾಡಕ್ಕೆ ಹೋದೆ, ಬೇಡಕಿಹಾಳದ ಹಿರಿಯ ನಿರ್ದೇಶಕರ ಮನೆಯಲ್ಲಿ ಅವರ ಹೆಂಡತಿಯ ಜೊತೆ ಅಡಿಗೆಮನೆಯಲ್ಲಿ ಕುಳಿತು ರೊಟ್ಟಿ ತಿಂದೆ. ಒಬ್ಬೊಬ್ಬರನ್ನೇ ಒಪ್ಪಿಸಿದೆ. ಕೊನೆಗೆ ಲೆಕ್ಕ ಹೀಗೆ ಬಂದು ನಿಂತಿತು: ನನ್ನ ಕೈ ಎದ್ದರೆ ಹುದ್ದೆ ಅವಳದು, ನನ್ನ ಕೈ ಇಲ್ಲದಿದ್ದರೆ ಅವನದು. ಅಧ್ಯಕ್ಷರಿಗೂ ಇದು ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆನೇ? ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಸಭೆಯ ದಿನ ಹೋದರೆ ಕೋಣೆಯ ತುಂಬ ಹೆಂಗಸರು. ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕಾಲೊನಿಯ ಹೆಣ್ಣುಮಕ್ಕಳು, ಇನ್ನೊಬ್ಬ ನಿರ್ದೇಶಕಿ, ನಿಪ್ಪಾಣಿಯಿಂದ ಒಬ್ಬ ಫೋಟೋದವನು. ಅಧ್ಯಕ್ಷರು ಎದ್ದು ನಿಂತು ಭಾಷಣ ಶುರುಮಾಡಿದರು. "ಗಂಡ ಸತ್ತಾನ ಅಂತ ಹೆಣ್ಣಮಗಳ ಹಣಿ ಬರಿದು ಇಡೋದು ಯಾವ ನ್ಯಾಯರಿ? ನಮ್ಮದು ಪುರೋಗಾಮಿ, ಮುಂದುವರದ ವಿಚಾರದ ಕಾರ್ಖಾನೆ. ಇವತ್ತ ನಮ್ಮ ವೈನಿಗಿ ಉಡಿ ತುಂಬತೇವಿ. ಯಾರ ಏನ ಅಂತಾರೋ ಅನ್ಲಿ." ಚಪ್ಪಾಳೆ ಬಿದ್ದವು. ನನ್ನ ಕಡೆಯ ನಿರ್ದೇಶಕರೂ ಹೊಡೆದರು.

ಅಧ್ಯಕ್ಷರ ಹೆಂಡತಿ ನನ್ನ ಹಣೆಗೆ ಕುಂಕುಮ ಇಟ್ಟರು. ಆಕೆಯ ಬೆರಳು ತಣ್ಣಗಿತ್ತು. ಯವ್ವಾ, ಏನ್ ಹೇಳಲಿ! ಎರಡು ವರ್ಷ ಮದುವೆ ಮನೆಗಳಲ್ಲಿ ಗೋಡೆಗೆ ಆತು ನಿಂತವಳು ನಾನು. ಬಸುರಿಯಾದ ಹೆತ್ತ ಮಗಳ ಕುಬಸದ ಕಾರ್ಯದಲ್ಲಿ ಅವಳ ಉಡಿಗೆ ಒಂದು ಹಿಡಿ ಅಕ್ಕಿ ಹಾಕಲು ಬಿಡದೆ ಹಿಂದೆ ಸರಿಸಿದ್ದರು. ಸೆರಗಿನೊಳಗೆ ಅಕ್ಕಿ ಬಿದ್ದ ಸಪ್ಪಳಕ್ಕೆ ನನ್ನ ಎದೆ ಒಡೆಯಿತು. ಅತ್ತೆ. ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಸುತ್ತಲಿನ ಹೆಂಗಸರೂ ಅತ್ತರು. ಅವರದು ನಾಟಕವಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಎರಡೂ ಕಡೆಯಿಂದ ಕೈ ಹಿಡಿದು ನನ್ನನ್ನು ಬಾಗಿಲಿಗೆ ಕರೆದುಕೊಂಡು ಹೋದರು. ಹೊಸ್ತಿಲಲ್ಲಿ ನನಗೆ ಅರೆಬರೆ ಎಚ್ಚರವಾಯಿತು. "ಅಣ್ಣಾರ, ಮೇಡಂದು ವಿಷಯ ಐತಲ್ರಿ?"

"ಅದು ಊಟ ಆದ ಮ್ಯಾಲೆ ರೀ ವೈನಿ," ಅಂದರು ಅಧ್ಯಕ್ಷರು, ಅವರ ಕಣ್ಣೂ ಒದ್ದೆಯಾಗಿತ್ತು. "ತುಂಬಿದ ಉಡಿ ತಗೊಂಡ ಇಲ್ಲೆ ಕುಂದ್ರೋದು ಚಲೋ ಅಲ್ಲ. ಜಗಲಿ ಮುಂದ ಇಟ್ಟು ಬರ್ರಿ, ಅಲ್ಲೀತನಕಾ ಕಾಯತೇವಿ."

ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೊಬ್ಬಾಕೆಯನ್ನು ಸಭೆ ಸಭೆಗೂ ಈ ಉಡಿಯಿಂದಲೇ ಸಾಗಹಾಕಿದ್ದನ್ನು ಕಂಡವಳು, ನನ್ನ ಸರದಿ ಬಂದಾಗ ಸೆರಗು ಬಿಗಿ ಹಿಡಿದು ಜೀಪು ಹತ್ತಿದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನ ಹಣೆ ನೋಡಿಕೊಂಡೆ. ಮನೆಗೆ ಬಂದು ಜಗಲಿಯ ಮುಂದೆ ಉಡಿ ಬಿಚ್ಚಿದೆ, ಯಜಮಾನರ ಫೋಟೋಕ್ಕೆ ಕೈಮುಗಿದೆ, ನೀರು ಕೂಡ ಕುಡಿಯದೆ ತಿರುಗಿ ಹೊರಟೆ.

ಹೋದರೆ ಸಭೆಯ ಕೋಣೆಯಲ್ಲಿ ಯಾರೂ ಇಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಊಟವಿನ್ನೂ ಬಡಿಸಿರಲಿಲ್ಲ. ಸಿಪಾಯಿ ಚಹಾದ ಕಪ್ಪು ಎತ್ತುತ್ತಿದ್ದ. ಕೇಳಿದರೆ, "ಆತ್ರಿ ಬಾಯಾರ, ಅದನ್ನ ಮೊದಲ ತಗೊಂಡ್ರು. ನಿಮ್ಮ ಜೀಪ್ ಗೇಟ್ ದಾಟಿತ್ತೋ ಇಲ್ಲೋ. ಸಾಂಗ್ಲಿಯವ್ರು ಆದ್ರು," ಅಂದ. ನನ್ನ ಮೊಬೈಲಿನಲ್ಲಿ ಆಗಲೇ ಫೋಟೋಗಳು ಬರುತ್ತಿದ್ದವು, ಅಭಿನಂದನೆಗಳೂ ಬರುತ್ತಿದ್ದವು. ಪುರೋಗಾಮಿ ಹೆಜ್ಜೆಯಂತೆ! ಅವರ ಪುರೋಗಾಮಿಗೆ ಬೆಂಕಿ ಬೀಳಲಿ. ಅಧ್ಯಕ್ಷರನ್ನು ಹುಡುಕಿಕೊಂಡು ಹೋಗಿ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಆದರೆ ಕಾಲು ಲ್ಯಾಬಿನ ಕಡೆ ಹೋದವು.

ಮೇಡಂ ಕಿಟಕಿಯ ಪಕ್ಕ ನಿಂತು ಗಾಜಿನ ಕೊಳವೆ ತೊಳೆಯುತ್ತಿದ್ದಳು. ಆ ಕಿಟಕಿಯಿಂದ ಸಭೆಯ ಕೋಣೆಯ ಬಾಗಿಲು, ಜೀಪು ನಿಲ್ಲುವ ಜಾಗ ಎಲ್ಲ ನೆಟ್ಟಗೆ ಕಾಣುತ್ತದೆ. ನನ್ನನ್ನು ನೋಡಿ ನಲ್ಲಿ ನಿಲ್ಲಿಸಿದಳು.

"ನನಗ ಮುಂಜಾನೆನ ಗೊತ್ತಾಗಿತ್ತರಿ, ನಿಮ್ಮನ್ನ ಕಳಿಸಿದ ಕೂಡಲೇ ನನ್ನ ವಿಷಯ ತಗೋತಾರಂತ. ಟೈಪಿಂಗ್ ಹುಡುಗಿ ಬಂದು ಹೇಳೂದ್ರಾಗ ನೀವ್ ಒಳಗ ಹೋಗಿದ್ರಿ. ಜೀಪ್ ಹತ್ತೂ ಮುಂದ ನಿಮ್ಮನ್ನ ತಡೀಬೇಕಂತ ಬಾಗಲಾ ತನಕಾ ಬಂದಿದ್ದೆ."

"ಮತ್ತ ಯಾಕ ಕೂಗ್ಲಿಲ್ಲವಾ?"

ಅವಳು ನನ್ನ ಹಣೆಯ ಕಡೆ ನೋಡಿದಳು. "ಎಷ್ಟು ದಿನದ ಮ್ಯಾಲೆ ನಿಮಗ ಕುಂಕುಮ ಹಚ್ಚಿದ್ರು. ಕೂಸಿನಂಗ ಅಳಾಕತ್ತಿದ್ರಿ. ಹೆಂಗ ಕೂಗ್ಲಿರಿ, ಬಾಯಾರ?"