ಹಸಿದ ಕೌದಿ

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ. ಹಳೆ ಸೀರೆ, ಹಳೆ ಧೋತರ ಎಷ್ಟೇ ಪದರ ಹಾಕಿದರೂ ಆ ತುತ್ತು ಬೀಳದೆ ಕೌದಿ ಮುಗಿದಂತಲ್ಲ. ಹಸಿದ ಕೌದಿ ಮೂಲೆ ಮುಚ್ಚಿದವರನ್ನೇ ಉಣ್ಣುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ಜೋಗುಪಾಳ್ಯದ ಒಂದೇ ಕೋಣೆಯಲ್ಲಿ ನಾವಿಬ್ಬರೂ ಇಷ್ಟು ವರ್ಷ ಕಳೆದರೂ ಅವಳ ಆ ಮಾತು ಬದಲಾಗಲಿಲ್ಲ. ನಾನು ನಗುತ್ತಿದ್ದೆ. ದಿನವಿಡೀ ಹೊಲಿಗೆ ಮಷೀನು ತುಳಿಯುವವಳು ನಾನು, ಬಟ್ಟೆಗೆ ಹೊಟ್ಟೆ ಇರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೆ?

ಇಂದಿರಾನಗರದ ನಮ್ಮ ಅಂಗಡಿಗೆ ರವಿಕೆ ಹೊಲಿಸಲು ಬಂದ ಹೆಂಗಸೊಬ್ಬಳು ಇಸ್ತ್ರಿ ಮೇಜಿಗೆ ಹಾಸಿದ್ದ ಅವ್ವನ ಹಳೆ ಕೌದಿ ನೋಡಿ ನಿಂತುಬಿಟ್ಟಳು. ಆಕೆ ಹೊರದೇಶದಲ್ಲಿ ಹುಟ್ಟಿ ಬೆಳೆದವಳು. ಇಲ್ಲಿಂದ ಹೋಗಿ ಅಲ್ಲಿ ನೆಲೆಸಿದ ನಮ್ಮ ಜನ ಸೇರಿ ಒಂದು ಕಲಾ ಮ್ಯೂಸಿಯಂ ಕಟ್ಟಿದ್ದಾರಂತೆ, ಅದಕ್ಕೊಂದು ಹೊಸ ಕೌದಿ ಬೇಕಂತೆ. ನಾನು ಜಂಬದಿಂದ ತುತ್ತಿನ ವಿಷಯವನ್ನೂ ಹೇಳಿದೆ. ಆಕೆಯ ಮುಖ ಸಣ್ಣಗಾಯಿತು.

"ಅದೊಂದು ಬೇಡ ಅಕ್ಕಾ, ಪ್ಲೀಸ್. ಹುಳ ಬಂದ್ರೆ ಅಲ್ಲಿರೋ ಬೇರೆ ಪೀಸ್‌ಗಳೂ ಹಾಳಾಗ್ತವೆ. ರೊಟ್ಟಿ ಇದ್ರೆ ತಗೊಳೋದೇ ಇಲ್ಲ ಅವ್ರು."

ನನಗೆ ಆಸೆ ಹತ್ತಿತ್ತು. ನಮ್ಮ ಮನೆಯ ಒಂದು ಸಾಮಾನಾದರೂ ಜನ ಕತ್ತೆತ್ತಿ ನೋಡುವ ಜಾಗಕ್ಕೆ ಹೋಗಲಿ ಎಂಬ ಹಾಳು ಆಸೆ. ಅವ್ವ ಮೂರು ತಿಂಗಳು ಗೋಡೆಗೊರಗಿ ಕೂತು ಹೊಲಿದಳು. ಕೊನೆಯ ದಿನ ಕಣ್ಣು ಮಂಜೆಂದು ರೊಟ್ಟಿ ಚೂರನ್ನು ನನ್ನ ಕೈಗೇ ಕೊಟ್ಟಳು. ಅದನ್ನು ಸೆರಗಿಗೆ ಜಾರಿಸಿ ಖಾಲಿ ಮೂಲೆಯನ್ನು ಮುಚ್ಚಿದೆ.

"ತುತ್ತು ಇಟ್ಟೀ?"

"ಇಟ್ಟೀನಿ ಯವ್ವಾ."

ಅವ್ವ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಕೌದಿಯನ್ನು ಮಡಚಿಟ್ಟಳು. ಆ ಚೂರನ್ನು ಅಂಗಡಿಗೆ ಹೋಗುವ ದಾರಿಯಲ್ಲಿ ನಾನೇ ತಿಂದೆ.

ಕೌದಿ ವಿಮಾನ ಹತ್ತಿತು. ಮುಂದೆ ಫೋಟೊ ಬಂತು. ಗಾಜಿನ ಹಿಂದೆ, ಬಿಳಿ ಗೋಡೆಯ ಮೇಲೆ ನಮ್ಮ ಹಳೆ ಬಟ್ಟೆಗಳೆಲ್ಲ ನೆಟ್ಟಗೆ ನಿಂತಿದ್ದವು. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಯಾರೂ ಹೊಚ್ಕೊಳ್ಳಂಗಿಲ್ಲೇನು?" ಎಂದಷ್ಟೇ ಕೇಳಿದಳು.

ಆಮೇಲೆ ಸೊರಗತೊಡಗಿದಳು. ಅವಳ ರವಿಕೆಯನ್ನು ಎರಡು ಸಲ ಬಿಗಿ ಮಾಡಿದೆ. ಮೂರನೇ ಸಲ ಟೇಪು ಹಿಡಿಯಲು ನನಗೆ ಹೆದರಿಕೆಯಾಯಿತು. ಶಿವಾಜಿನಗರದ ಆಸ್ಪತ್ರೆಯಲ್ಲಿ ರಕ್ತ, ಎಕ್ಸರೇ ಎಲ್ಲ ನೋಡಿ ಏನೂ ಇಲ್ಲ ಎಂದರು. "ಸರಿಯಾಗಿ ಊಟ ಮಾಡ್ಸಮ್ಮ" ಎಂದರು ಡಾಕ್ಟರು. ದಿನಾ ಸಂಜೆ ನಾನು ಮನೆಗೆ ಬರುವಾಗ ತಟ್ಟೆ ಖಾಲಿಯೇ ಇರುತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ಅವ್ವ ತನ್ನ ರೊಟ್ಟಿಯನ್ನು ಮುರಿದು ಮುರಿದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಕಾಗೆಗಳು ಅವಳ ಕೈಗೆ ಹೆದರುತ್ತಿರಲಿಲ್ಲ.

"ಯಾರಿಗೆ ಇಡ್ಲಾಕತ್ತೀದಿ ಇದು?"

"ಕೌದಿಗಿ. ಅದು ಅಲ್ಲಿ ಗಾಜಿನ್ಯಾಗ ಹಸ್ಕೊಂಡು ಕುಂತದ."

"ನಿನಗ ಗೊತ್ತಿತ್ತೇನು?"

"ಮೂಲಿ ಒತ್ತಿದ್ರ ತಿಳಿಯಂಗಿಲ್ಲೇನು? ನಿನ್ನ ಮಾರಿ ಮ್ಯಾಲಿನ ಖುಷಿ ನೋಡಿ ಸುಮ್ಮಾದೆ." ಮತ್ತೊಂದು ಚೂರು ಇಟ್ಟಳು. "ಮೂಲಿ ಮುಚ್ಚಿದಾಕಿ ನೀನು. ಅದು ನನ್ನ ಪಾಲು ಉಣ್ಲಿ, ನಿನ್ನ ಕಡಿ ತಿರುಗೂದು ಬ್ಯಾಡ."

ಅಂದೇ ಆ ಹೆಂಗಸಿಗೆ ಫೋನು ಮಾಡಿ ಮೂಲೆ ಬಿಚ್ಚಿ ಒಂದು ಚೂರು ಇಡಿಸಿ ಎಂದು ಅತ್ತೆ. ಮ್ಯೂಸಿಯಂ ಒಳಗೆ ಹೋದದ್ದನ್ನು ಯಾರೂ ಮುಟ್ಟುವ ಹಾಗಿಲ್ಲ, ತನಗೂ ಬೇಜಾರಾಗಿದೆ ಎಂದಳು ಆಕೆ. ಊರು ಬಿಟ್ಟು ಹೋದವರು ಕಟ್ಟಿದ ಮನೆಯಲ್ಲಿ, ಊರು ಬಿಟ್ಟು ಬಂದ ನಮ್ಮವ್ವನ ಕೌದಿಗೆ ಒಂದು ತುತ್ತಿಗೆ ಜಾಗವಿಲ್ಲ.

ಈಗ ದಿನಾ ಮಧ್ಯಾಹ್ನ ಅಂಗಡಿಯಿಂದ ಬಂದು ನಾನೇ ಅವ್ವನ ಎದುರು ಕೂತು ಉಣ್ಣಿಸುತ್ತೇನೆ. ಹಸಿದ ಕೌದಿಯ ಮಾತಿಗೆ ನಗುವುದನ್ನು ಬಿಟ್ಟಿದ್ದೇನೆ. ಮೊದಮೊದಲು ಅವ್ವ ನಾಲ್ಕು ತುತ್ತು ತಾನು ತಿಂದು ಉಳಿದದ್ದನ್ನು ಕಿಟಕಿಗೆ ಇಡುತ್ತಿದ್ದಳು. ಈ ವಾರ ಒಂದನ್ನು ಮಾತ್ರ ನುಂಗುತ್ತಾಳೆ, ಅದೂ ನಾನು ನೋಡುತ್ತಿದ್ದೇನೆಂದು.