ಹುಲಿಗೆವ್ವ ಅಕ್ಕೋರು ಗಾಡಿಗೆ ಕೊಟ್ಟ ಮಾರ್ಕ್ಸು

ಹುಲಿಗೆವ್ವ ಅಕ್ಕೋರು ಕುಂತು ಪಾಠ ಹೇಳಿದ್ದನ್ನ ನಾ ಒಂದ ದಿನಾನೂ ನೋಡಿಲ್ಲ. ಹೋಗ್ಲಿ, ಒಂದ ಕಡೆ ನಿಂತಾದ್ರೂ ಹೇಳ್ತಿದ್ರೇನು ಅಂದ್ರ ಅದೂ ಇಲ್ಲ. ತಿರಗ್ಯಾಡಕೋಂತ ಹೇಳ್ತಿದ್ರು. ಗಂಗಾವತಿಯೊಳಗ ಅವರ ಮನಿ ಪಡಸಾಲಿ ಈ ಗ್ವಾಡಿಯಿಂದ ಆ ಗ್ವಾಡಿಗೆ ಹನ್ನೆರಡು ಹೆಜ್ಜಿ. ಅವರ ಹೆಜ್ಜಿಲೆ ಹನ್ನೆರಡು, ನನ್ನ ಹೆಜ್ಜಿಲೆ ಎಂಟು. ಅಕ್ಕೋರು ಭಾಳ ಗಿಡ್ಡ, ನನ್ನ ಭುಜಕ್ಕೂ ಬರಂಗಿಲ್ಲ. ಎರಡು ವರ್ಷ ಆ ಪಡಸಾಲ್ಯಾಗ ಗ್ವಾಡಿಗೆ ಆತು ಕುಂತು ನಾ ಅವರ ಹೆಜ್ಜಿ ಎಣಿಸೀನಿ. ಗಣಿತ ತಿಳೀಲಾರದವ ಇನ್ನೇನು ಎಣಿಸಬೇಕು?

ನಾ ಐದನೇತ್ತಕ್ಕ ಸಾಲಿ ಬಿಟ್ಟು ಟ್ರ್ಯಾಕ್ಟರ್ ಹತ್ತಿದವ. ಮೂವತ್ತೊಂದನೇ ವಯಸ್ಸಿಗೆ ಒಂದು ಡ್ರೈವಿಂಗ್ ಸ್ಕೂಲಿನಾಗ ಗಾಡಿ ಕಲಸೋ ಕೆಲಸ ಸಿಗೋದಿತ್ತು. ಆದ್ರ ಕಲಸಾವ ಹತ್ತನೇತ್ತ ಪಾಸಾಗಿರಬೇಕು, ಅದು ಕಾಯ್ದೆ ಅಂದ್ರು. ಬ್ಯಾರೆ ದಾರಿ ಏನರ ಐತೇನು ಅಂತ ಕೇಳಾಕ ಹೋದಾಗ, ತಹಶೀಲ್ದಾರ್ ಕಚೇರಿಯೊಳಗ ಗುಮಾಸ್ತರಾಗಿದ್ದ ಶೇಖರಪ್ಪನವರಿಗೆ ನನ್ನ ಮಾರಿ ನೋಡಿ ಕನಿಕರ ಬಂತೋ ಏನೋ. "ನಮ್ಮ ಮನಿಯಾಗ ಒಬ್ಬಾಕಿ ಅದಾಳ, ಗ್ವಾಡಿ ಸಿಕ್ರೂ ಪಾಠ ಹೇಳ್ತಾಳ, ಬಾ" ಅಂತ ಕರಕೊಂಡು ಹೋದ್ರು. ಆ ಒಬ್ಬಾಕಿ ಅಂದ್ರ ಅವರ ಹೆಂಡ್ತಿ, ಹುಲಿಗೆವ್ವ ಅಕ್ಕೋರು. ಸರ್ಕಾರಿ ಸಾಲಿ ಮುಖ್ಯೋಪಾಧ್ಯಾಯಿನಿ.

"ಎಷ್ಟನೇತ್ತಕ್ಕ ಬಿಟ್ಟಿ?"

"ಐದಕ್ಕರಿ."

"ಯಾಕ?"

"ಟ್ರ್ಯಾಕ್ಟರ್ ಬಂತ್ರಿ."

"ಟ್ರ್ಯಾಕ್ಟರ್ ಸಾಲಿ ಮ್ಯಾಲ ಹಾಯ್ದು ಹೋತೇನು?"

ಫೀಸು ಎಷ್ಟ್ರಿ ಅಂತ ಕೇಳಿದ್ದಕ್ಕ, "ನೀ ಪಾಸಾದ ಮ್ಯಾಲ ನನಗ ಗಾಡಿ ಕಲಸು, ಅದ ಫೀಸು" ಅಂದ್ರು. ಚ್ಯಾಷ್ಟಿ ಅನಕೊಂಡಿದ್ದೆ.

ಅವರ ಕೈಯಾಗ ಯಾವಾಗ್ಲೂ ಒಂದು ಕೆಂಪು ಪೆನ್ನು. ಕಂಡಿದ್ದಕ್ಕೆಲ್ಲ ಮಾರ್ಕ್ಸ್ ಕೊಡೋರು. ಸಂತಿಯಿಂದ ಯಜಮಾನರು ತಂದ ಬದನಿಕಾಯಿಗೆ ಹತ್ತಕ್ಕ ನಾಕು. ಮಗ್ಗಲ ಮನಿ ಮದುವಿ ಊಟಕ್ಕ ಹತ್ತಕ್ಕ ಆರೂವರಿ, ಸಾರಿನಾಗ ಉಪ್ಪಿಲ್ಲದ್ದಕ್ಕ ಅರ್ಧ ಕಟ್. ಒಂದಿನ ಶೇಖರಪ್ಪನವರು, "ನನಗೆಷ್ಟು ಕೊಟ್ಟಿ?" ಅಂತ ಕೇಳಿದ್ರು. "ನಿಮ್ಮನ್ನ ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡೀನ್ರಿ" ಅಂದ್ರು. ನಾ ಏನರ "ನೀವು ಹೆಂಗ ಹೇಳ್ತೀರೋ ಹಂಗರಿ" ಅಂದ್ರ ಮಾತ್ರ ಸಿಟ್ಟು ಬರ್ತಿತ್ತು. "ನಿನ್ನ ಉತ್ತರ ಹೇಳೋ ಯಮನೂರಾ. ತಪ್ಪಿದ್ರ ತಿದ್ದಾಕ ನಾ ಅದೀನಿ. ಬಾಯಿ ಮುಚ್ಚಿಕೊಂಡು ಕುಂತ್ರ ಏನ್ ತಿದ್ದಲಿ?"

ಎರಡನೇ ಸಲಕ್ಕ ಪಾಸಾದೆ, ಕೆಲಸಾನೂ ಸಿಕ್ತು. ಮರುದಿನ ಮುಂಜಾನೆ ಅಕ್ಕೋರು ಡ್ರೈವಿಂಗ್ ಸ್ಕೂಲ್ ಮುಂದ ನಿಂತಿದ್ರು, ಸೆರಗು ಸೊಂಟಕ್ಕ ಸಿಗಿಸಿಕೊಂಡು. ವಯಸ್ಸು ನಲವತ್ತೊಂಬತ್ತು. ಕಲತ್ರು, ಲೈಸೆನ್ಸೂ ತಗೊಂಡ್ರು. ತಾಳ್ಮಿ ಇರ್ಲಿಲ್ಲ, ಆದ್ರ ಒಂದ ಸಲ ಹೇಳಿದ್ದು ಮರೀತಿರ್ಲಿಲ್ಲ. ರಸ್ತಾದಾಗ ಕುರಿ ಅಡ್ಡ ಬಂದ್ರ ಹಾರ್ನ್ ಹೊಡೀತಿರ್ಲಿಲ್ಲ, ಗ್ಲಾಸ್ ಇಳಿಸಿ "ಲಗೂನ ಸರೀರವ್ವಾ, ಪ್ರಾರ್ಥನಾ ಚಾಲೂ ಆಕ್ಕೈತಿ" ಅಂತಿದ್ರು.

ಅವರ ಸಾಲಿ ಹುಲಿಹೈದರ ದಾಟಿ ಒಳಗ ಒಂದು ಸಣ್ಣ ಊರಾಗ. ಊರಿಗೂ ರಸ್ತಾಕ್ಕೂ ನಡುವ ಒಂದು ಹಳ್ಳ. ಸೇತುವಿ ಇಲ್ಲ. ಬಸ್ ಇಳಿದ ಮ್ಯಾಲ ಯಾರದರ ಬೈಕಿಗೆ ಕೈ ಮಾಡಬೇಕು, ಇಲ್ಲ ಹಾಲಿನ ಗಾಡಿ ಹತ್ತಬೇಕು. ಮಂಗಳೂರಾಗ, ನಮ್ಮ ಯಲಬುರ್ಗಾ ಕಡೆ ಮಂಗಳೂರಾಗ, ಅವರವ್ವ ಕೂಲಿ ಮಾಡಿ ಓದಿಸ್ಯಾಳ. ಯಾರ ಮುಂದೂ ಕೈ ಚಾಚಬಾರದು ಅಂತ ನೌಕರಿ ಹಿಡದೆ, ಈಗ ದಿನಾ ಬೈಕಿಗೆ ಕೈ ಚಾಚತೀನಿ ಅಂತ ನಗತಿದ್ರು.

ಒಂದ ದಿನ ಬಸ್ ತಪ್ಪಿತಂತ ನಾನ ಕಾರಿನಾಗ ಬಿಡಾಕ ಹೋದೆ. ರಾತ್ರಿ ಮಳಿ ಆಗಿ ಹಳ್ಳದಾಗ ಕೆಂಪು ನೀರು ಹರೀತಿತ್ತು. ಆ ದಂಡಿಗೆ ಬಿಸಿಯೂಟ ಮಾಡೋ ಗಂಗವ್ವ ನಿಂತಿದ್ಲು, ಅಕ್ಕಿ ಇಟ್ಟ ಖೋಲಿ ಕೀಲಿ ಅಕ್ಕೋರ ಚೀಲದಾಗ. ಅಕ್ಕೋರು ಕೀಲಿಕೈ ಕರವಸ್ತ್ರದಾಗ ಕಲ್ಲಿನ ಜೊತಿ ಕಟ್ಟಿದ್ರು, ಎರಡು ಹೆಜ್ಜಿ ಹಿಂದ ಸರದ್ರು, ಒಗದ್ರು. ಗಂಗವ್ವ ಸೆರಗು ಒಡ್ಡಿ ಹಿಡದ್ಲು. ಹುಡುಗರು ಹೋ ಅಂತ ಚಪ್ಪಾಳಿ ಹೊಡದ್ರು.

"ಅಕ್ಕೋರ, ಕೀಲಿಕೈ ಆಕಿ ಕೈಯಾಗ ಕೊಟ್ಟಿಟ್ರ ಆತಲ್ರಿ" ಅಂದೆ.

"ಕೀಲಿಕೈ ಕೊಡಬಹುದಪಾ. ಪಾಠ ಯಾರ ಕೈಯಾಗ ಕೊಟ್ಟಿಡ್ಲಿ?"

ವಾಪಸ್ ಹೊಂಟ್ವಿ. ಗಂಗಾವತಿ ಬಂದ ಮ್ಯಾಲ ಅಂದ್ರು, "ರಾಡಿಯೊಳಗ ಹೋಗೋ ಜೀಪು ಬಂದಾವಲ್ಲ, ನಾಕು ಬಾಗಲದ್ದು. ನಾಳೆ ಕೊಪ್ಪಳಕ್ಕ ಹೋಗೋಣು."

ಶೋರೂಮಿಗೆ ಮೂವರು ಹೋದ್ವಿ. ಸೇಲ್ಸಿನವ ಶೇಖರಪ್ಪನವರ ಮಾರಿ ನೋಡಿ ಚಾಲೂ ಮಾಡಿದ. "ಸರ್, ಇದು ಟಾಪ್ ಮಾಡೆಲ್ರಿ. ಸನ್‌ರೂಫ್, ದೊಡ್ಡ ಸ್ಕ್ರೀನ್, ಸುತ್ತ ಕ್ಯಾಮೆರಾ, ಸೀಟಿನಾಗ ತಂಪು ಗಾಳಿ..."

"ಓಡಸಾಕಿ ನಾನು. ನನಗ ಹೇಳಪಾ" ಅಂದ್ರು ಅಕ್ಕೋರು.

ಅವ ಪಾಪ ಮಾರಿ ಇತ್ತಾಗ ಹೊಳ್ಳಿಸಿದ. ಎರಡು ಬಾಗಲದ್ದು ಸೋವಿ ಐತ್ರಿ ಅಂದ. "ಬ್ಯಾಡ. ಹಿಂದ ಕುಂತವ್ರು ತಮ್ಮ ಮನಸಿಗೆ ಬಂದಾಗ ಇಳೀಬೇಕು. ಮುಂದಿನವ ಸೀಟು ಮಡಚಲಿ ಅಂತ ಕಾಯೋದಲ್ಲ."

ಶೇಖರಪ್ಪನವರ ಕಣ್ಣು ಸನ್‌ರೂಫ್ ಮ್ಯಾಲ. "ಇದು ಇರಬೇಕು ನೋಡು."

"ಈ ಕೊಪ್ಪಳ ಬಿಸಲಿಗೆ ಮ್ಯಾಲಿಂದ ಕೆಂಡ ಬೀಳ್ತೈತಿ. ಅದಕ್ಕ ಬಾಗಲಾ ತಗದು ಒಳಗ ಬಾ ಅಂತೀರೇನು?"

ಆ ಗಾಡ್ಯಾಗ ಆರೇಳು ಥರಾ ಇದ್ವು. ಎಲ್ಲಾ ಅಳದು ತೂಗಿ ಎರಡು ಉಳದ್ವು, ರೊಕ್ಕ ಎರಡಕ್ಕೂ ಹೆಚ್ಚುಕಮ್ಮಿ ಒಂದ. ಮ್ಯಾಲಿನ ಮಾಡೆಲ್ಲಿಗೆ ಎಲ್ಲಾ ಸವಲತ್ತು, ಗೇರು ತಾನ ಬೀಳ್ತೈತಿ, ಬಟನ್ ಒತ್ತಿದ್ರ ಡ್ರೈವರ್ ಸೀಟು ಮ್ಯಾಲ ಏಳ್ತೈತಿ. ಆದ್ರ ಶಕ್ತಿ ಹಿಂದಿನ ಎರಡ ಗಾಲಿಗೆ. ಕೆಳಗಿನ ಮಾಡೆಲ್ ಬೋಳು. ಕ್ಯಾಮೆರಾ ಇಲ್ಲ, ಗೇರು ಕೈಲೆ ಹಾಕಬೇಕು, ಸೀಟು ಇದ್ದಲ್ಲೇ ಇರ್ತೈತಿ. ಆದ್ರ ಶಕ್ತಿ ನಾಕೂ ಗಾಲಿಗೆ, ರಾಡ್ಯಾಗ ಸಿಕ್ಕೊಳಂಗಿಲ್ಲ. ಅಕ್ಕೋರು ಅದರಾಗ ಹತ್ತಿ ಕುಂತ್ರು. ಸ್ಟೇರಿಂಗ್ ಹಿಂದ ಬರೇ ಹಣಿ ಕಾಣತಿತ್ತು.

"ಯಮನೂರಾ, ನನಗ ಬಾನೆಟ್ ಕಾಣವಲ್ದು. ಆಕಾಶ ಕಾಣಾಕತ್ತೈತಿ."

"ಮೇಡಂ, ಲೇಡೀಸಿಗೆ ಇದು ಬ್ಯಾಡ್ರಿ, ಹೆವಿ ಆಕ್ಕೈತಿ" ಅಂದ ಸೇಲ್ಸಿನವ.

"ನಿಮ್ಮವ್ವ ಭತ್ತದ ಚೀಲಾ ಹೊತ್ತಿಲ್ಲೇನು?"

"ಹೊತ್ತಾಳ್ರಿ."

"ಹೆವಿ ಆತು ಅಂತ ಇಳಿಸಿದ್ಲೇನು?"

ಅವ ನೀರು ತರತೀನ್ರಿ ಅಂತ ಒಳಗ ಹೋದ.

ಅಲ್ಲಿಂದ ಎರಡು ವಾರ ಅಕ್ಕೋರೂ ನಿದ್ದಿ ಮಾಡ್ಲಿಲ್ಲ, ನನಗೂ ಮಾಡಗೊಡ್ಲಿಲ್ಲ. ಶೋರೂಮಿನವರು ಕೊಟ್ಟ ಪುಸ್ತಕದಾಗ ಯಾವ ಮಾಡೆಲ್ಲಿಗೆ ಏನೈತಿ ಏನಿಲ್ಲ ಅಂತ ಒಂದು ಪಟ್ಟಿ ಇತ್ತು. ಅದನ್ನ ಉತ್ತರ ಪತ್ರಿಕಿ ತಿದ್ದಿದಂಗ ಕೆಂಪು ಪೆನ್ನಿಲೆ ತಿದ್ದಾಕ ಹತ್ತಿದ್ರು. ಮುಂಜಾನೆ ಐದೂವರಿಗೆ ಫೋನು. "ಯಮನೂರಾ, ಕ್ಯಾಮೆರಾಕ್ಕ ಎಷ್ಟು ಕೊಡ್ಲಿ?" "ಹತ್ತು ಕೊಡ್ರಿ." "ಭಾಳ ಆತು, ಹೊಳ್ಳಿ ನೋಡಾಕ ಕುತ್ತಿಗಿ ಐತಲ್ಲ." ಮರುದಿನ ಮತ್ತ. "ಸನ್‌ರೂಫಿಗೆ ಮೈನಸ್ ಐದು ಕೊಡಬಹುದೇನು?" "ಮೈನಸ್ ಕೊಡೋ ಪದ್ಧತಿ ಇಲ್ಲಲ್ರಿ." "ನಾ ಕೊಟ್ಟೀನಿ." ಇವತ್ತು ಕೆಳಗಿನದು ಗೆದ್ರ ನಾಳೆ ಮ್ಯಾಲಿನದು. ಪಟ್ಟಿ ತುಂಬ ಕೆಂಪಾಗಿ ಓದಾಕ ಬರಲಾರದಂಗ ಆತು. ನಾಕು ಸಲ ಕೊಪ್ಪಳಕ್ಕ ಹೋಗಿ ಬಂದ್ವಿ. ನಾಕನೇ ಸಲ ಸೇಲ್ಸಿನವ ನಮ್ಮನ್ನ ನೋಡಿ ಚಾ ತರಾಕ ಹೇಳಿ ತಾನೂ ಸುಮ್ಮನ ಕುಂತ.

ಇಷ್ಟು ಚಡಪಡಿಕಿ ಬರೇ ಗಾಡಿ ಸಲುವಾಗಿ ಇರ್ಲಿಲ್ಲ. ಅದ ಹೊತ್ತಿಗೆ ವರ್ಗಾವಣಿ ಅರ್ಜಿ ಕರದಿದ್ರು. ಸಿದ್ದಾಪುರದಾಗ ಡಾಂಬರ್ ರಸ್ತಾಕ್ಕ ಹತ್ತಿದ ಸಾಲ್ಯಾಗ ಜಾಗಾ ಖಾಲಿ ಇತ್ತು. ಅರ್ಜಿ ಹಾಕಿದ್ರ ಅಕ್ಕೋರಿಗೆ ಸಿಗೋದು ಗ್ಯಾರಂಟಿ. ಮ್ಯಾಲಿನ ಮಾಡೆಲ್ ತಗೊಂಡ್ರ ಅದು ಹಳ್ಳದ ರಾಡಿ ದಾಟಂಗಿಲ್ಲ, ಅಂದ್ರ ಸಿದ್ದಾಪುರಕ್ಕ ಹೋಗೋದ. ಕೆಳಗಿನದು ತಗೊಂಡ್ರ ಹಳ್ಳದಾಚೆ ಸಾಲ್ಯಾಗ ಉಳಿಯೋದು. ಶೇಖರಪ್ಪನವರಿಗೆ ಇದು ಗೊತ್ತಿತ್ತು, ಅಕ್ಕೋರಿಗೂ ಗೊತ್ತಿತ್ತು. ಇಬ್ರೂ ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ. ಸನ್‌ರೂಫು, ಸ್ಕ್ರೀನು ಅಂತ ಜಗಳಾಡ್ತಿದ್ರು.

ಅರ್ಜಿಗೆ ಶನಿವಾರ ಕಡೀ ದಿನ. ಶುಕ್ರವಾರ ಸಂಜಿಮುಂದ ನನ್ನ ಕರಿಸಿದ್ರು. ಅಕ್ಕೋರು ಪಡಸಾಲ್ಯಾಗ ಅಡ್ಡಾಡ್ತಿದ್ರು, ಶೇಖರಪ್ಪನವರು ಪೇಪರ್ ಹಿಡಕೊಂಡು ಕುಂತಿದ್ರು.

"ಯಮನೂರಾ, ನೀ ಗಾಡಿ ಕಲಸಾವ. ನಿನ್ನ ಉತ್ತರ ಹೇಳು."

ನಾ ವಿಚಾರ ಮಾಡಿಕೊಂಡ ಹೋಗಿದ್ದೆ. "ಮ್ಯಾಲಿನದು ತಗೋರಿ. ಸೀಟು ಎತ್ತರ ಆಕ್ಕೈತಿ. ಮುಂದ ಕಾಣಲಾರದ ಗಾಡಿ ಓಡಸಬಾರದ್ರಿ."

ಅಕ್ಕೋರು ನಡುಪಡಸಾಲ್ಯಾಗ ನಿಂತುಬಿಟ್ರು.

"ನೀನೂ ನನ್ನ ಸಿದ್ದಾಪುರಕ್ಕ ಕಳಸ್ತಿಯೇನು?"

ಶೇಖರಪ್ಪನವರು ಪೇಪರ್ ಮಡಚಿ ಮಗ್ಗಲಿಗೆ ಇಟ್ರು. "ಅವನ್ಯಾಕ ಬೈತಿ? ಕಳಸಾವ ನಾನು. ನನಗ ಅಂಜಿಕಿ ಐತಿ. ಮಳಿ ಬಂದ ದಿನ ನೀ ಮನಿಗೆ ಬರೂತನಾ ಕಚೇರ್ಯಾಗ ಒಂದ ಕಾಗದಾನೂ ನೆಟ್ಟಗ ಓದಾಕ ಆಗಂಗಿಲ್ಲ ನನಗ."

ಅಕ್ಕೋರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ್ರು. ಆಮ್ಯಾಲ ಸಣ್ಣ ದನಿಲೆ ಅಂದ್ರು, "ಹಳ್ಳ ತುಂಬಿ ಬಂದ ದಿನ ನಾ ದಾಟಂಗಿಲ್ರಿ, ನನಗೂ ಜೀವದ ಆಸಿ ಐತಿ. ಆದ್ರ ನೀರು ಒಂದ ದಿನ ಇರ್ತೈತಿ, ಇಳದ ಮ್ಯಾಲ ರಾಡಿ ಹದಿನೈದು ದಿನ ಇರ್ತೈತಿ. ಹಾಲಿನ ಗಾಡೀನೂ ಬರಂಗಿಲ್ಲ. ಆ ಹದಿನೈದು ದಿನ ಸಾಲಿ ಬಂದ್ ಇದ್ರ, ಬಿಟ್ಟು ಹೋದ ಹುಡುಗರು ಹೊಳ್ಳಿ ಬರಂಗಿಲ್ರಿ. ನನಗ ಆ ಹದಿನೈದು ದಿನ ಬೇಕು, ಅಷ್ಟ."

ಶೇಖರಪ್ಪನವರು ಚಾಳೀಸು ತಗದು ಒರಸಿದ್ರು, ಮತ್ತ ಹಾಕ್ಕೊಂಡ್ರು, ಮತ್ತ ತಗದ್ರು.

"ಯಮನೂರಪ್ಪ, ಆ ಕೆಳಗಿನ ಮಾಡೆಲ್ಲಿಗೆ ಸೀಟಿಂದು ಏನರ ಮಾಡಾಕ ಬರ್ತೈತೇನು?"

ನಾ ಏಳುವಾಗ ಅಕ್ಕೋರು ಬಾಗಲಿ ತನಕಾ ಬಂದು, "ನಿನ್ನ ಉತ್ತರ ತಪ್ಪಲ್ಲ. ನನ್ನ ಪ್ರಶ್ನೆ ಬ್ಯಾರೆ ಇತ್ತು" ಅಂದ್ರು. ಶನಿವಾರ ಅರ್ಜಿ ಹಾಕ್ಲಿಲ್ಲ.

ಗಾಡಿ ಬಂತು. ಮೊದಲ ಕೌದಿ ಮಡಚಿ ಹಾಕಿ ನೋಡಿದ್ವಿ, ತೆಗ್ಗಿನಾಗ ಹೋದ್ರ ಅಕ್ಕೋರು ಕೌದಿಯೊಳಗ ಇಳದುಬಿಡ್ತಿದ್ರು. ಆಮ್ಯಾಲ ಸೀಟ್ ಹೊಲಿಯಾವನ ಹತ್ರ ತೆಂಗಿನ ನಾರು ಬಿಗಿಯಾಗಿ ತುಂಬಿಸಿ ದಿಂಬು ಹೊಲಿಸಿ, ಸರೀಬಾರದಂತ ಕೆಳಗ ಪಟ್ಟಿ ಕಟ್ಟಿಸಿದ್ವಿ. ಬಾನೆಟ್ ಕಂಡ್ರ ಕಾಲು ಕ್ಲಚ್ಚಿಗೆ ಮುಟ್ಟವಲ್ದು, ಕಾಲು ಮುಟ್ಟಿದ್ರ ಬಾನೆಟ್ ಕಾಣವಲ್ದು. ಮೂರು ಸಲ ಬಿಚ್ಚಿ ಹೊಲಿಸಿದ ಮ್ಯಾಲ ನಾಕು ಬೆರಳು ಎತ್ತರಕ್ಕ ಎರಡೂ ಕೂಡಿ ಬಂದ್ವು. ಬ್ಯಾಸಿಗಿ ತುಂಬ ಹುಲಿಹೈದರದ ಕಡೆ ಮಣ್ಣಿನ ರಸ್ತಾದಾಗ ಕಲಿಸಿದೆ.

ಆಮ್ಯಾಲ ನನಗ ಕುಷ್ಟಗಿಯೊಳಗ ಛಲೋ ಪಗಾರಿನ ಕೆಲಸ ಆತು, ಇಲ್ಲೇ ಅದೀನಿ. ಅಕ್ಕೋರ್ನ ಕಡೀಕ ನೋಡಿದ್ದು ಹೋದ ಮಳಿಗಾಲದಾಗ, ನಾ ಗಂಗಾವತಿ ಬಿಡೋ ಮುಂಚಿನ ದಿನ. ಎರಡು ದಿನದ ಹಿಂದ ಹಳ್ಳ ಬಂದು ಇಳದಿತ್ತು. ಅಕ್ಕೋರು ನನ್ನ ಮಗ್ಗಲ ಸೀಟಿನಾಗ ಕುಂದ್ರಿಸಿಕೊಂಡು ಹಳ್ಳದ ದಂಡಿಗೆ ಬಂದು ಗಾಡಿ ನಿಂದ್ರಸಿದ್ರು.

"ಇಳಿ."

"ಯಾಕ್ರಿ?"

"ನಾಳೆ ನೀ ಇರಂಗಿಲ್ಲಲ್ಲ, ಅದಕ್ಕ."

"ಆತ್ರಿ, ನಾ ಇಲ್ಲೇ ನಿಂತಿರ್ತೀನಿ."

"ನಿಂದ್ರಬ್ಯಾಡ. ನೀ ನಿಂತ್ರ ನನ್ನ ಕಣ್ಣು ಕನ್ನಡ್ಯಾಗ ನಿನ್ನ ಹುಡಕತಾವ. ಹೋಗಪಾ, ಛಲೋತ್ನಂಗ ಇರು."

ನಾ ನಮಸ್ಕಾರ ಮಾಡಿ ಹುಲಿಹೈದರದ ಕಡೆ ಹೊಂಟೆ. ನಾ ತಿರುವಿನಾಗ ಮರಿ ಆಗೂತನಾ ಅಕ್ಕೋರು ಗಾಡಿ ಚಾಲೂ ಮಾಡ್ಲಿಲ್ಲ. ಸಪ್ಪಳ ಕೇಳಿದ ಕೂಡ್ಲೆ ನಾ ಓಡಿ ಬಂದು ಜಾಲಿ ಗಿಡದ ಮರಿಗೆ ನಿಂತೆ. ಗಾಡಿ ಇಳಿಜಾರಿನಾಗ ಇಳೀತಿತ್ತು. ನನ್ನ ಕಾಲು ಬ್ರೇಕ್ ತುಳಿದಂಗ ನೆಲಾ ತುಳೀತಿತ್ತು. ರಾಡಿ ಹತ್ರ ಹೋಗಿ ಗಾಡಿ ಗಕ್ಕನ ನಿಂತುಬಿಡ್ತು.

ಮುಗೀತು, ಅಂಜ್ಯಾರ ಅನಕೊಂಡೆ. ಓಡಿದೆ. ಒಂದು ಚಪ್ಪಲಿ ರಾಡ್ಯಾಗ ಸಿಕ್ಕೊಂಡಿತು, ಬಿಟ್ಟ ಓಡಿದೆ. ಹಿಂದಿನ ಗಾಲಿಗೆ ಇನ್ನ ಹತ್ತು ಹೆಜ್ಜಿ ಇರಬೇಕಾದ್ರ ಗಾಡಿಯೊಳಗಿಂದ ಕಟ್ ಅಂತ ಸಪ್ಪಳ ಬಂತು. ಅವಾಗ ನನಗ ಹೊಳೀತು. ನಾಕೂ ಗಾಲಿಗೆ ಶಕ್ತಿ ಕೊಡೋ ಸಣ್ಣ ಲಿವರ್ ಅದು. ರಾಡಿ ಚಾಲೂ ಆಗೋ ಮೊದಲ ಗಾಡಿ ಪೂರಾ ನಿಂದ್ರಸಿ ಅದನ್ನ ಹಾಕ್ರಿ ಅಂತ ಬ್ಯಾಸಿಗಿ ತುಂಬ ಹೇಳಿದಾವ ನಾನ.

ನಾಕೂ ಗಾಲಿ ತಿರುಗಿದ್ವು. ರಾಡಿ ಎದ್ದು ನನ್ನ ಅಂಗಿ, ಮಾರಿ, ಬಾಯಿ ತುಂಬ ಬಿತ್ತು. ಕಣ್ಣು ಒರಸಿಕೊಂಡು ನೋಡೂದ್ರಾಗ ಗಾಡಿ ಆ ದಂಡಿ ಏರಿ ಊರಿನ ಕಡೆ ಹೊಳ್ಳಿತ್ತು.

ಹಳ್ಳದ ನೀರಾಗ ಮಾರಿ ತೊಳಕೊಂಡು, ಒಂದ ಚಪ್ಪಲ್ಯಾಗ ಹುಲಿಹೈದರಕ್ಕ ನಡದು ಬಸ್ ಹತ್ತಿದೆ. ಸಂಜಿಗೆ ಫೋನ್ ಬಂತು.

"ದಾಟಿದೆಪಾ ಯಮನೂರಾ."

"ಹೌದೇನ್ರಿ ಅಕ್ಕೋರ?" ಅಂದೆ. "ಭಾಳ ಛಲೋ ಆತ್ರಿ."